‘ಸ್ಯಾಂಪಲ್’ ಕೇಳುವ ಕಂಪನಿಗಳ ಬಗ್ಗೆ ವಿನ್ಯಾಸಕರಿಗೆ ಒಂದು ಎಚ್ಚರಿಕೆ

ಶಿವಮೊಗ್ಗದಲ್ಲಿ 11 ವರ್ಷಗಳಿಂದ ಗ್ರಾಫಿಕ್ ಡಿಸೈನ್ ಕೆಲಸವನ್ನೇ ನಂಬಿಕೊಂಡು ಬದುಕುತ್ತಿದ್ದೇನೆ. ಈ ವರ್ಷದ ಆರಂಭದಲ್ಲಿ ಆಹಾರ ಪದಾರ್ಥಗಳ ಕಂಪನಿಯೊಂದಕ್ಕೆ 19 ದಿನ ದುಡಿದೆ. ಕೈಗೆ ಒಂದು ರೂಪಾಯಿಯೂ ಬರಲಿಲ್ಲ, ಆದರೆ ಕೆಲಸ ಮಾತ್ರ ಅಂಗಡಿಯ ಕಪಾಟಿಗೆ ಬಂತು. ಮಲೆನಾಡಿನ ಇತರ ವಿನ್ಯಾಸಕರಿಗೆ, ಅದರಲ್ಲೂ ಈಗಷ್ಟೇ ಕೆಲಸ ಆರಂಭಿಸಿರುವವರಿಗೆ, ಹೀಗಾಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಕಂಪನಿಯ ಕಡೆಯಿಂದ ಕರೆ ಮಾಡಿದವರು ಬಹಳ ಮರ್ಯಾದೆಯಿಂದ ಮಾತನಾಡಿದರು. “ಮೇಡಂ, ನಿಮ್ಮ ಕೆಲಸವನ್ನೆಲ್ಲ ನೋಡಿದ್ದೇವೆ, ನಮಗೆ ತುಂಬಾ ಹಿಡಿಸಿದೆ. ಮಲೆನಾಡಿನ ಉಪ್ಪಿನಕಾಯಿಗಳನ್ನು ಮಾರುಕಟ್ಟೆಗೆ ತರುತ್ತಿದ್ದೇವೆ. ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಗೆ ಲೇಬಲ್ಲಿನ ಒಂದು ಸ್ಯಾಂಪಲ್ ಮಾಡಿಕೊಡಿ, ಮೇಲಿನವರು ಒಪ್ಪಿದರೆ ವರ್ಷವಿಡೀ ಕೆಲಸ ನಿಮಗೇ” ಎಂದರು. ಅದೇ ದಿನ ಕೆಲಸದ ವಿವರವಿದ್ದ ನಾಲ್ಕು ಪುಟದ ಪಿಡಿಎಫ್ ಕಳುಹಿಸಿದರು. ನನ್ನ ಹಳೆಯ ಕೆಲಸವನ್ನು ನೋಡಿ ಮೆಚ್ಚಿದವರಿಗೆ ಮತ್ತೆ ಸ್ಯಾಂಪಲ್ ಏಕೆ ಬೇಕು ಎಂಬ ಪ್ರಶ್ನೆ ಆಗಲೇ ಮನಸ್ಸಿಗೆ ಬಂದಿತ್ತು. ವರ್ಷವಿಡೀ ಕೆಲಸವೆಂಬ ಮಾತು ಕಿವಿಗೆ ಬಿದ್ದ ಮೇಲೆ ಆ ಪ್ರಶ್ನೆಯನ್ನು ಕೇಳದೆ ಉಳಿಸಿಕೊಂಡೆ. ನನ್ನ ಮೊದಲ ತಪ್ಪು ಅದು.

ಲೇಬಲ್ ಎಂದರೆ ಒಂದು ಚಿತ್ರ ಮತ್ತು ಒಂದು ಹೆಸರು ಎಂದು ಹೊರಗಿನವರು ಭಾವಿಸುವುದುಂಟು. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ, ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ಕೋಷ್ಟಕ, ಸಸ್ಯಾಹಾರದ ಹಸಿರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ, ಇವೆಲ್ಲವೂ ಓದುವ ಗಾತ್ರದಲ್ಲಿ ಒಂದು ಬಾಟಲಿಯ ಸುತ್ತಳತೆಯೊಳಗೆ ಕೂರಬೇಕು. ಇದರ ಮೇಲೆ ಕನ್ನಡದ ಅಕ್ಷರ. ‘ಅಪ್ಪೆಮಿಡಿ’ಯ ಪಕಾರದ ಒತ್ತು ಕೆಳಗಿನ ಅಂಚಿಗೆ ತಾಗುತ್ತಿತ್ತು, ಸಿದ್ಧ ಫಾಂಟುಗಳಲ್ಲಿ ಯಾವುದೂ ಹೊಂದಲಿಲ್ಲ. ಮಿಡಿಯನ್ನು ತೊಟ್ಟು ಮುರಿಯದಂತೆ, ಸೊನೆ ಸೋರದಂತೆ ಕೊಯ್ಯುತ್ತಾರಲ್ಲವೇ, ಆ ತೊಟ್ಟಿನಂತೆಯೇ ಒತ್ತನ್ನು ಬಾಗಿಸಿ ಕೈಯಲ್ಲಿ ಬರೆದೆ. ಆ ಒಂದು ಒತ್ತಿಗೆ ಎರಡು ರಾತ್ರಿ ಹಿಡಿಯಿತು.

ಸುತ್ತಲಿನ ಅಂಚಿಗೆ ಮಲೆನಾಡಿನ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರವನ್ನು ಬಳಸಿದೆ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ದೀವರ ಸಮುದಾಯದ ಮನೆಯೊಂದರ ಗೋಡೆಯ ಮೇಲೆ ಅಜ್ಜಿಯೊಬ್ಬರು ಬರೆದ ಹಸೆಯನ್ನು ಅವರ ಒಪ್ಪಿಗೆ ಪಡೆದು ಹಿಂದಿನ ವರ್ಷ ಫೋಟೊ ತೆಗೆದಿದ್ದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಒಂದು ಮೂಲೆಯಲ್ಲಿ ಕುಂಚ ತುಸು ಹೆಚ್ಚು ಹೊತ್ತು ನಿಂತು ಬಿಳಿ ಗೆರೆ ದಪ್ಪವಾಗಿತ್ತು. ಅದನ್ನು ಸರಿಪಡಿಸಲು ಮನಸ್ಸಾಗದೆ, ಲೇಬಲ್ಲಿನ ಎಡ ಮೂಲೆಯಲ್ಲಿ ಹಾಗೆಯೇ ಉಳಿಸಿದೆ. ಕೆಲಸ ಒಪ್ಪಿಗೆಯಾಗಿ ಹಣ ಬಂದರೆ ಒಂದು ಪಾಲನ್ನು ಆ ಅಜ್ಜಿಗೆ ಕೊಡಬೇಕೆಂದು ಲೆಕ್ಕ ಹಾಕಿಕೊಂಡಿದ್ದೆ.

ಒಂದು ಸ್ಯಾಂಪಲ್ ಮೂರಾಯಿತು. ಕರೆಕ್ಷನ್‌ಗಳು ಏಳು ಬಾರಿ ಬಂದವು. ಪ್ರತಿ ಸಲವೂ “ಇದೊಂದೇ ಬದಲಾವಣೆ, ಮೇಡಂ” ಎನ್ನುತ್ತಿದ್ದರು. ದರದ ಮಾತೆತ್ತಿದಾಗ “ಮೊದಲು ಡಿಸೈನ್ ಫೈನಲ್ ಆಗಲಿ” ಎಂದರು. ಕೊನೆಗೆ, ಮುದ್ರಕರ ಹತ್ತಿರ ಅಳತೆ ಪರೀಕ್ಷಿಸಬೇಕೆಂಬ ಕಾರಣ ಹೇಳಿ ಓಪನ್ ಫೈಲ್ ಕೇಳಿದರು. ಈ ವೃತ್ತಿಯಲ್ಲಿರುವವರಿಗೆ ಇದರ ಅರ್ಥ ಗೊತ್ತು: ಅಕ್ಷರ, ಗೆರೆ, ಬಣ್ಣ ಎಲ್ಲವನ್ನೂ ಬಿಡಿಬಿಡಿಯಾಗಿ ತಿದ್ದಲು ಬರುವ ಮೂಲ ಫೈಲ್ ಕೈಬಿಟ್ಟರೆ ನಮ್ಮಲ್ಲಿ ಮತ್ತೇನೂ ಉಳಿಯುವುದಿಲ್ಲ. ಗೊತ್ತಿದ್ದೂ ಕೊಟ್ಟೆ. ಒಂದು ವಾರದ ನಂತರ “ಸದ್ಯಕ್ಕೆ ಪ್ರಾಜೆಕ್ಟ್ ನಿಂತಿದೆ” ಎಂಬ ಒಂದು ಸಾಲಿನ ಸಂದೇಶ ಬಂತು. ನಂತರ ಕರೆ ಸ್ವೀಕರಿಸುವುದನ್ನೇ ನಿಲ್ಲಿಸಿದರು.

ಜೂನ್‌ನಲ್ಲಿ, ಜಡಿಮಳೆಯ ಒಂದು ಮಧ್ಯಾಹ್ನ, ಸಾಗರದ ಅಂಗಡಿಯೊಂದರಲ್ಲಿ ನಿಂತಿದ್ದಾಗ ಆ ಬಾಟಲಿಯನ್ನು ಕಂಡೆ. ಹಿನ್ನೆಲೆಯ ಕೆಂಪನ್ನು ಕಂದು ಮಾಡಿದ್ದರು, ಅಕ್ಷರವನ್ನು ಸ್ವಲ್ಪ ಚಿಕ್ಕದಾಗಿಸಿದ್ದರು. ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ತೊಟ್ಟಿನಂತೆ ಬಾಗಿದ ಒತ್ತು ಹಾಗೆಯೇ ಇತ್ತು. ಎಡ ಮೂಲೆಯಲ್ಲಿ ಅಜ್ಜಿಯ ಕುಂಚ ನಿಂತ ಆ ದಪ್ಪ ಗೆರೆಯೂ ಇತ್ತು. ನನ್ನ ದುಡಿಮೆ ಹೋದದ್ದಕ್ಕಿಂತ ಅದನ್ನು ಕಂಡಾಗ ಹೆಚ್ಚು ಸಂಕಟವಾಯಿತು. ಅವರ ಗೋಡೆಯಿಂದ ಈ ಬಾಟಲಿಯವರೆಗೆ ಆ ಗೆರೆಯನ್ನು ಹೊತ್ತು ತಂದವಳು ನಾನೇ.

ವಕೀಲರ ಮೂಲಕ ನೋಟಿಸ್ ಕಳುಹಿಸಿದ್ದೇನೆ. “ನಮ್ಮದೇ ತಂಡ ತಯಾರಿಸಿದ ವಿನ್ಯಾಸ” ಎಂದು ಕಂಪನಿಯಿಂದ ಉತ್ತರ ಬಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರರಲ್ಲದವರು ಹಣ ಪಡೆಯದೆ ರಚಿಸಿದ ಕೃತಿಯ ಹಕ್ಕು ರಚಿಸಿದವರದ್ದೇ. ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು ಎಂದು 19ನೇ ಕಲಂ ಹೇಳುತ್ತದೆ. ನಾನು ಯಾವುದಕ್ಕೂ ಸಹಿ ಮಾಡಿಲ್ಲ, ದಿನಾಂಕವಿರುವ ಪೆನ್ಸಿಲ್ ಸ್ಕೆಚ್‌ಗಳು ಮತ್ತು ಇಮೇಲ್‌ಗಳು ನನ್ನ ಬಳಿ ಇವೆ. ಆದರೆ ಬಾಕಿ ಹಣದ ವಿಷಯ ಬೇರೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಡಿ, ನೋಂದಾಯಿತ ಸಣ್ಣ ಉದ್ಯಮಕ್ಕೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ನಾನು ಉದ್ಯಮ್ ನೋಂದಣಿ ಮಾಡಿಸಿದ್ದೇನೆ. ಆದರೂ ಅದು ನೆರವಿಗೆ ಬರಲಿಲ್ಲ, ಏಕೆಂದರೆ ಆರ್ಡರ್ ಇಲ್ಲ, ಒಪ್ಪಿದ ದರವಿಲ್ಲ, ಬಿಲ್ ಇಲ್ಲ. ‘ಸ್ಯಾಂಪಲ್’ ಎಂಬ ಪದ ಬಳಸುವುದರ ಮರ್ಮ ಇದೇ ಎಂದು ನನಗೆ ಈಗ ಅನ್ನಿಸುತ್ತಿದೆ: ಕೆಲಸ ಪೂರ್ತಿ ನಡೆಯುತ್ತದೆ, ಸಾಲ ಮಾತ್ರ ಹುಟ್ಟುವುದೇ ಇಲ್ಲ.

ಸ್ಪರ್ಧೆಗಳಲ್ಲಿಯೂ ಹಣವಿಲ್ಲದೆ ಕೆಲಸ ಮಾಡುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ರೂಪಾಯಿ ಚಿಹ್ನೆಗಾಗಿ ಕೇಂದ್ರ ಹಣಕಾಸು ಸಚಿವಾಲಯ ನಡೆಸಿದ ಸ್ಪರ್ಧೆಯ ನಿಯಮಗಳು, ಬಹುಮಾನದ ಮೊತ್ತ ಎಲ್ಲವೂ ಮೊದಲೇ ಪ್ರಕಟವಾಗಿದ್ದವು. 2010ರಲ್ಲಿ ಡಿ. ಉದಯ ಕುಮಾರ್ ಅವರ ಚಿಹ್ನೆ ಆಯ್ಕೆಯಾದಾಗ ಅದು ಅವರ ಹೆಸರಿನಲ್ಲಿಯೇ ಲೋಕಕ್ಕೆ ತಿಳಿಯಿತು. ಖಾಸಗಿಯಾಗಿ ಕರೆ ಮಾಡಿ, ಯಾರ್‍ಯಾರಿಗೆ ಕೇಳಿದ್ದೇವೆಂದು ಹೇಳದೆ, ಲಾಭಕ್ಕಾಗಿ ಮಾರುವ ವಸ್ತುವಿಗೆ ವಿನ್ಯಾಸ ಪಡೆಯುವುದನ್ನು ಅದರ ಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ.

ಈಗ ನಾನು ಅರ್ಧ ಹಣ ಮುಂಗಡವಾಗಿ ಬರುವವರೆಗೆ ಪೆನ್ಸಿಲ್ ಹಿಡಿಯುವುದಿಲ್ಲ. ಎಷ್ಟು ವಿನ್ಯಾಸ, ಎಷ್ಟು ಕರೆಕ್ಷನ್ ಎಂಬುದನ್ನು ಇಮೇಲ್‌ನಲ್ಲಿ ಬರೆದು, ಒಪ್ಪಿಗೆ ಪಡೆಯುತ್ತೇನೆ. ನೋಡಲು ಕಳುಹಿಸುವುದು ಹೆಸರು ಅಡ್ಡಲಾಗಿ ಅಚ್ಚಾದ, ಕಡಿಮೆ ಗಾತ್ರದ ಚಿತ್ರವನ್ನು ಮಾತ್ರ. ಓಪನ್ ಫೈಲ್ ಬೇಕೆಂದರೆ ಅದಕ್ಕೆ ಪ್ರತ್ಯೇಕ ದರ, ಅದೂ ಪೂರ್ತಿ ಬಾಕಿ ಸಂದಾಯವಾದ ಮೇಲೆ. ಈ ಷರತ್ತುಗಳಿಂದ ಇಬ್ಬರು ಗ್ರಾಹಕರು ದೂರ ಸರಿದದ್ದು ನಿಜ. ಉಳಿದವರು ಆಕ್ಷೇಪವಿಲ್ಲದೆ ಒಪ್ಪಿದ್ದಾರೆ.

ಕಳೆದ ವಾರ ತೀರ್ಥಹಳ್ಳಿಯ ಕಿರಿಯ ಗೆಳತಿಯೊಬ್ಬಳು “ಅಕ್ಕ, ಇದನ್ನೊಮ್ಮೆ ನೋಡಿ” ಎಂದು ಒಂದು ಪಿಡಿಎಫ್ ಕಳುಹಿಸಿದಳು. ಅವೇ ನಾಲ್ಕು ಪುಟ, ಅದೇ ಒಕ್ಕಣೆ. ಅಪ್ಪೆಮಿಡಿ ಇದ್ದ ಜಾಗದಲ್ಲಿ ಕಾಡುಜೇನು ಎಂದಿತ್ತು. ಎಲ್ಲವನ್ನೂ ಹೇಳಿದೆ. ಅವಳು ತನ್ನ ದರ ಮತ್ತು ಮುಂಗಡದ ಮೊತ್ತವನ್ನು ಬರೆದು ಕಳುಹಿಸಿದಳು. ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.