ತುಮಕೂರಿನಲ್ಲಿ ವಿಮಾನ ರೇಡಿಯೊ ಸಂವಹನ ತರಬೇತಿ: ಒಂದು ವಿಮರ್ಶೆ

ಪೈಲಟ್ ಆಗಬಯಸುವವರಿಗಾಗಿ ಬಿ.ಎಚ್. ರಸ್ತೆಯಲ್ಲಿ ನಡೆಯುತ್ತಿರುವ ಈ ವಾರಾಂತ್ಯದ ತರಗತಿಗೆ ತಮ್ಮನ ಮಗಳನ್ನು ಸೇರಿಸಿ, ಕೆಲವು ಪಾಠಗಳಿಗೆ ನಾನೂ ಕುಳಿತಿದ್ದೆ. ನೆಲದಿಂದ ವಿಮಾನ ಸಂಚಾರ ನೋಡಿಕೊಳ್ಳುವ ನಿಯಂತ್ರಕರು ಸೂಚಿಸಿದ ಎತ್ತರವನ್ನು ಪೈಲಟ್ ಅಂಕಿ ಅಂಕಿಯಾಗಿ ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಅಭ್ಯಾಸವನ್ನು ಇಲ್ಲಿ ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಿಸುತ್ತಾರೆ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ದುರಂತದ ಪಾಠವಂತೂ ಮನಸ್ಸಿಗೆ ನಾಟಿತು: 15,000 ಅಡಿಯಲ್ಲಿ ಉಳಿಯಬೇಕಿದ್ದ ಕಜಕಿಸ್ತಾನದ ವಿಮಾನ, ಸೌದಿ ವಿಮಾನಕ್ಕೆ ಕೊಟ್ಟಿದ್ದ 14,000 ಅಡಿಯತ್ತ ಇಳಿದಿತ್ತು, ನಿಯಂತ್ರಕರೊಡನೆ ಮಾತನಾಡುತ್ತಿದ್ದ ಕಜಕ್ ವಿಮಾನದ ರೇಡಿಯೊ ಸಿಬ್ಬಂದಿಯ ಮುಂದೆ ಎತ್ತರದ ಮಾಪಕವೇ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು.

ಇಬ್ಬರು ಒಂದೇ ಕ್ಷಣದಲ್ಲಿ ಮಾತನಾಡಿದಾಗ ಸಂದೇಶ ಅಳಿಸಿಹೋಗುವುದನ್ನು, ಅಂದರೆ 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನಗಳು ಡಿಕ್ಕಿಯಾದ ಅಪಘಾತದಲ್ಲಿ ಆದದ್ದನ್ನು, ಇನ್ನಷ್ಟು ಕಲಿಸಬೇಕಿತ್ತು. ಹೆಡ್‌ಫೋನುಗಳು ಹಳೆಯವು. ಆದರೂ ಶುಲ್ಕಕ್ಕೆ ತಕ್ಕ ಕಲಿಕೆ ಖಂಡಿತ ಸಿಗುತ್ತದೆ.