ಲೇಸಿಕ್ ಮಾಡಿಸಿಕೊಂಡು ವರ್ಷಗಳಾದ ಮೇಲೆ: ನೋಟಕ್ಕೆ ಪೂರ್ತಿ ಅಂಕ, ಕಣ್ಣೀರಿನ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ

ಕನ್ನಡಕ ಬಿಡಿಸುವ ಲೇಸಿಕ್ ಅನ್ನುವ ಲೇಸರ್ ಆಪರೇಷನ್ ಬಗ್ಗೆ ಓದಲು ಸಿಗುವ ಅನುಭವಗಳು ಹೆಚ್ಚಾಗಿ ಮೊದಲ ವಾರದಲ್ಲೇ ಬರೆದವು. ಆ ಖುಷಿ ನಿಜವಾದದ್ದೇ. ಆದರೆ ಕಣ್ಣು ಪೂರ್ತಿ ಸುಧಾರಿಸಿಕೊಳ್ಳಲು ತಿಂಗಳುಗಳೇ ಬೇಕು. ಅದಕ್ಕೇ ನಾನು ಆಗ ಬರೆಯಲಿಲ್ಲ.

ನನ್ನ ನಂಬರ್ ಮೈನಸ್ ಐದರ ಆಸುಪಾಸಿನಲ್ಲಿತ್ತು, ಜೊತೆಗೆ ಸ್ವಲ್ಪ ಸಿಲಿಂಡರ್ (ಕಣ್ಣಿನ ವಕ್ರತೆ ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ). ಮೂವತ್ತು ದಾಟಿದ ಮೇಲೆ ಎರಡೂ ಕಣ್ಣಿಗೆ ಲೇಸಿಕ್ ಮಾಡಿಸಿಕೊಂಡೆ. ಈಗ ನಲವತ್ತು ಹತ್ತಿರವಾಗಿದೆ. ದಿನವಿಡೀ ಸ್ಕ್ರೀನ್ ಮುಂದೆ ಕೂರುವ ಕೆಲಸ. ಮಲಗುವ ಮುಂಚೆ ಓದುವ ಅಭ್ಯಾಸ. ಆಗಾಗ ರಾತ್ರಿ ಹೊತ್ತು ಗಾಡಿ ಓಡಿಸುತ್ತೇನೆ. ನಾನು ಹೇಳುವುದೆಲ್ಲ ಈ ಬಳಕೆಯ ಲೆಕ್ಕದಲ್ಲಿ. ಹೊಲದಲ್ಲಿ, ಆಟದ ಮೈದಾನದಲ್ಲಿ ದಿನ ಕಳೆಯುವವರ ಲೆಕ್ಕ ಬೇರೆಯೇ ಇರಬಹುದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಗೋಡೆಯ ಗಡಿಯಾರದ ಮುಳ್ಳು ಕಾಣುತ್ತದೆ. ದಿಂಬಿನ ಪಕ್ಕ ಕೈ ತಡಕಾಡುವುದಿಲ್ಲ. ಸ್ನಾನ ಮಾಡುವಾಗ ಶಾಂಪೂ ಬಾಟಲಿಯ ಮೇಲಿನ ಅಕ್ಷರ ಓದಬಹುದು. ಮಳೆಯಲ್ಲಿ ನಡೆಯುವಾಗ ಗಾಜು ಒರೆಸಿಕೊಳ್ಳುವ ಕೆಲಸ ಇಲ್ಲ. ಮಗ್ಗುಲಾಗಿ ಮಲಗಿ ಪುಸ್ತಕ ಓದಬಹುದು. ಕನ್ನಡಕದ ಕಡ್ಡಿ ಕಿವಿಗೆ ಒತ್ತುವುದಿಲ್ಲ. ಚಿಕ್ಕಂದಿನಿಂದ ದಪ್ಪ ಗಾಜು ಹಾಕಿಕೊಂಡವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ. ಈ ಸಂತೋಷ ಹಳೆಯದಾಗಿಲ್ಲ. ಇವತ್ತಿಗೂ ಇದೆ.

ಆಪರೇಷನ್ ದಿನದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮರಗಟ್ಟಿಸುವ ಹನಿ ಹಾಕುತ್ತಾರೆ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ ಮೇಲೆ ಒಂದು ತೆಳು ಪದರ ಬಿಡಿಸಿ, ಕೆಳಗಿನ ಭಾಗಕ್ಕೆ ಆಕಾರ ಕೊಟ್ಟು, ಪದರವನ್ನು ವಾಪಸ್ ಕೂರಿಸುತ್ತಾರೆ. ಕಣ್ಣನ್ನು ಹಿಡಿದಿಡುವ ರಿಂಗ್ ಒತ್ತಿದಾಗ ಸ್ವಲ್ಪ ಹೊತ್ತು ನೋಟ ಮಂಕಾಗುತ್ತದೆ. ಅದು ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಆಮೇಲೆ ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ. ಈ ವಾಸನೆಗೇ ಬಹಳ ಜನ ಹೆದರುತ್ತಾರೆ. ಆದರೆ ಕಣ್ಣು ಅಲ್ಲಿ ಸುಡುತ್ತಿರುವುದಿಲ್ಲ. ಇಲ್ಲಿ ಬಳಸುವ ಎಕ್ಸೈಮರ್ ಲೇಸರ್ ಅನ್ನುವುದು 193 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕು. ಪಕ್ಕದ ಭಾಗಕ್ಕೆ ಬಿಸಿ ತಾಗಿಸದೆ ಬಿದ್ದ ಜಾಗವನ್ನಷ್ಟೇ ತೆಗೆಯುವುದು ಅದರ ಗುಣ. ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಜೊತೆಗಾರರು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಇದನ್ನು ಕಂಡುಕೊಂಡರು. ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಲೇಸರ್ ಬಿಟ್ಟು ನೋಡಿದ್ದರಂತೆ! ಇದನ್ನು ಓದಿಕೊಂಡು ಹೋಗಿದ್ದೆ. ಆ ವಾಸನೆ ಬಂದಾಗ ಧೈರ್ಯಕ್ಕೆ ಅದೇ ನೆರವಾಯಿತು.

ಮೊದಲ ಕೆಲವು ಗಂಟೆ ಉರಿ, ನೀರು ಸುರಿತ. ಮಲಗಿ ಎದ್ದರೆ ಲೋಕ ಚೊಕ್ಕವಾಗಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಎಲ್ಲರ ಹಾಗೆ ಐದು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ.

ತೊಂದರೆ ಶುರುವಾದದ್ದು ಕೆಲಸಕ್ಕೆ ವಾಪಸ್ ಹೋದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು. ಸ್ಕ್ರೀನ್ ಮೇಲಿನ ಅಕ್ಷರ ಒಮ್ಮೆ ಚೂಪು, ಒಮ್ಮೆ ಮಂಜು. ರೆಪ್ಪೆ ಬಡಿದರೆ ಸರಿಯಾಗುವುದು, ಮತ್ತೆ ಮಸುಕಾಗುವುದು. ವಿಚಿತ್ರ ಅಂದರೆ ಇದರ ಜೊತೆಗೆ ಕಣ್ಣಲ್ಲಿ ನೀರೂ ಜಾಸ್ತಿ. ಇಷ್ಟು ನೀರು ಸುರಿಯುವ ಕಣ್ಣು ಒಣಗಿದೆ ಅಂದರೆ ಯಾರು ನಂಬುತ್ತಾರೆ? ಆದರೆ ಅದು ಹಾಗೆಯೇ. ಮೇಲ್ಮೈ ಒಣಗಿ ಉರಿದಾಗ ಕಣ್ಣು ಗಾಬರಿಯಿಂದ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಇಳಿದುಹೋಗುತ್ತದೆ, ಕಣ್ಣಿಗೆ ಅಂಟಿ ನಿಲ್ಲುವುದಿಲ್ಲ.

ಕಾರಣ ತಿಳಿದ ಮೇಲೆ ನನಗೆ ಸಿಟ್ಟು ಬಂತು. ಕಾರ್ನಿಯಾದಲ್ಲಿ ನರಗಳು ಬಹಳ ಒತ್ತಾಗಿವೆ. ಕಣ್ಣು ಒಣಗಿತು, ನೀರು ಬೇಕು, ರೆಪ್ಪೆ ಬಡಿ ಅಂತ ಸುದ್ದಿ ಕಳಿಸುವುದು ಅವೇ. ಲೇಸಿಕ್‌ನಲ್ಲಿ ಪದರ ಬಿಡಿಸುವಾಗ ಆ ನರಗಳು ತುಂಡಾಗುತ್ತವೆ. ಅವು ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಅಂದರೆ ಒಣಗುವುದು ಅಪರೂಪದ ಅಡ್ಡಪರಿಣಾಮ ಅಲ್ಲ, ಆಪರೇಷನ್ ಮಾಡುವ ರೀತಿಯಲ್ಲೇ ಅದು ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಲ್ಲಿನ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಮತ್ತು ರಕ್ಷಣಾ ಇಲಾಖೆಯ ಜೊತೆ ಸೇರಿ ಪ್ರೌಲ್ ಅನ್ನುವ ಅಧ್ಯಯನ ನಡೆಸಿತ್ತು. ಮೊದಲು ಒಣಕಣ್ಣಿನ ಲಕ್ಷಣವೇ ಇಲ್ಲದವರಲ್ಲಿ ಶೇ. 30ರವರೆಗೆ ಜನ ಮೂರು ತಿಂಗಳ ಹೊತ್ತಿಗೆ ಆ ಲಕ್ಷಣ ಇದೆ ಅಂದಿದ್ದರು. ನನಗೆ ಆಪರೇಷನ್ ಮುಂಚೆ ಮಾತಾಡಿಸಿದ ಕೌನ್ಸೆಲರ್ ಅರ್ಧ ಗಂಟೆ ಯಂತ್ರದ ಹೆಸರು, ಅದರ ವೇಗ, ಹೊಸ ಮಾಡೆಲ್ ಎಲ್ಲ ವಿವರಿಸಿದರು. ಕಣ್ಣೀರಿನ ಮಾತು ಬಂದದ್ದು ಸಹಿ ಹಾಕುವ ಫಾರಂನ ಒಂದು ಸಾಲಿನಲ್ಲಿ. ‘ಸ್ವಲ್ಪ ದಿನ ಡ್ರೈನೆಸ್ ಇರುತ್ತೆ, ಡ್ರಾಪ್ಸ್ ಹಾಕ್ಕೊಳ್ಳಿ’ ಅಂದರು, ಅಷ್ಟೇ.

ಇದು ಬರೀ ಆರಾಮದ ಪ್ರಶ್ನೆ ಅಲ್ಲ. ಬೆಳಕು ಕಣ್ಣೊಳಗೆ ಹೋಗುವಾಗ ಮೊದಲು ತಾಗುವುದು ಕಣ್ಣೀರಿನ ಪದರವನ್ನು. ಅದು ಸಮನಾಗಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ತಿದ್ದಿದ ಕಾರ್ನಿಯಾ ಆದರೂ ನೋಟ ಮಸುಕು. ಇನ್ನೂ ಮುಖ್ಯವಾದ ಮಾತು: ಆಪರೇಷನ್‌ಗೆ ಮುಂಚೆ ಕಣ್ಣು ಒಣಗಿದ್ದರೆ ಅಳತೆಗಳೇ ತಪ್ಪಾಗಿ ಬರಬಹುದು. ಯಂತ್ರ ಕೊರೆಯುವುದು ಆ ಅಳತೆಯ ಪ್ರಕಾರ ತಾನೇ? ಹಾಗಾಗಿ ‘ಯಾವ ಲೇಸರ್?’ ಅಂತ ಕೇಳುವ ಮುಂಚೆ ‘ನನ್ನ ಕಣ್ಣೀರು ಹೇಗಿದೆ?’ ಅಂತ ಕೇಳಿ. ರೆಪ್ಪೆಯ ಅಂಚಿಗೆ ಕಾಗದದ ಪಟ್ಟಿ ಇಟ್ಟು ನೋಡುವ ಶರ್ಮರ್ ಪರೀಕ್ಷೆ ಇದೆ. ಬಣ್ಣದ ಹನಿ ಹಾಕಿ, ನೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ನೋಡುವುದೂ ಇದೆ. ಎರಡೂ ದೊಡ್ಡ ಪರೀಕ್ಷೆಗಳಲ್ಲ. ಕೂರಿಸಿ ಮಾಡುವ ಮನಸ್ಸಿರಬೇಕು ಅಷ್ಟೇ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮುಂಚೆ ಅದನ್ನು ನಿಲ್ಲಿಸಲೇಬೇಕು. ಎಫ್‌ಡಿಎ ಹೇಳುವ ಪ್ರಕಾರ ಮೆದು ಲೆನ್ಸ್ ಆದರೆ ಎರಡು ವಾರ, ಗಟ್ಟಿಯದಾದರೆ ಇನ್ನೂ ಜಾಸ್ತಿ. ‘ನಾಳೆಯೇ ಬನ್ನಿ, ಸ್ಕ್ಯಾನ್ ಮುಗಿಸೋಣ’ ಅನ್ನುವವರ ಹತ್ತಿರ ಎರಡನೇ ಸಲ ಹೋಗಬೇಡಿ.

ಈಗ ನನ್ನ ದಿನಚರಿ ಹೇಳುತ್ತೇನೆ, ಯಾಕೆಂದರೆ ಇದೇ ನನ್ನನ್ನು ಉಳಿಸಿದ್ದು. ಎಚ್ಚರವಾದ ಕೂಡಲೇ ಕಣ್ಣು ಉಜ್ಜುವುದಿಲ್ಲ. ಆ ಅಭ್ಯಾಸ ಪೂರ್ತಿ ಬಿಟ್ಟಿದ್ದೇನೆ, ತೆಳುವಾದ ಕಾರ್ನಿಯಾಗೆ ಅದು ಒಳ್ಳೆಯದಲ್ಲ. ಕೈ ತೊಳೆದು, ಒಂದು ಸಲಕ್ಕೆ ಬಳಸುವ, ಕೃತಕ ಕಣ್ಣೀರಿನ ಪುಟ್ಟ ಪ್ಲಾಸ್ಟಿಕ್ ವಯಲ್‌ನ ತುದಿ ತಿರುಚಿ ತೆಗೆಯುತ್ತೇನೆ. ಕೆಳ ರೆಪ್ಪೆ ಮೆಲ್ಲಗೆ ಎಳೆದು, ಮೇಲೆ ನೋಡಿ, ಒಂದೇ ಹನಿ. ಎರಡು ಹಾಕಿದರೆ ಎರಡನೆಯದು ಕೆನ್ನೆಗೇ ಹೋಗುವುದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಹಗುರವಾಗಿ ಒತ್ತಿ ಕೂರುತ್ತೇನೆ. ಆಗ ಮದ್ದು ಗಂಟಲಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಆ ಒಂದು ನಿಮಿಷ ನನಗೆ ಈಗ ಬಹಳ ಇಷ್ಟ. ಉರಿ ಇಳಿದು ತಂಪು ಹರಡುವುದು ಗೊತ್ತಾಗುತ್ತದೆ.

ಹನಿ ಕೊಳ್ಳುವಾಗ ಒಂದು ಗಮನಿಸಿ. ದೊಡ್ಡ ಬಾಟಲಿಗಳಲ್ಲಿ ಹೆಚ್ಚಾಗಿ ಪ್ರಿಸರ್ವೇಟಿವ್, ಅಂದರೆ ಮದ್ದು ಕೆಡದಂತೆ ಇಡುವ ರಾಸಾಯನಿಕ ಇರುತ್ತದೆ. ಅದರಲ್ಲೂ ಬೆಂಜಾಲ್ಕೋನಿಯಮ್ ಕ್ಲೋರೈಡ್ ಇದ್ದರೆ, ದಿನಕ್ಕೆ ಹಲವು ಸಲ ಹಾಕುವವರಿಗೆ ಅದೇ ಉರಿ ತರಬಹುದು. ಪ್ರಿಸರ್ವೇಟಿವ್ ಇಲ್ಲದ್ದು ದುಬಾರಿ. ಆಪರೇಷನ್‌ಗೆ ದುಡ್ಡು ಎತ್ತಿಡುವಾಗ ಈ ಖರ್ಚನ್ನು ಯಾರೂ ಲೆಕ್ಕ ಹಾಕಿಸುವುದಿಲ್ಲ, ಆದರೆ ತಿಂಗಳು ತಿಂಗಳು ಅದು ಬರುತ್ತಲೇ ಇರುತ್ತದೆ. ಕೆಂಪು ಇಳಿಸುವ ಹನಿಗಳನ್ನಂತೂ ಮುಟ್ಟಬೇಡಿ. ರಕ್ತನಾಳ ಕುಗ್ಗಿಸಿ ಬಿಳುಪು ತೋರಿಸುತ್ತವೆ, ಬಿಟ್ಟಮೇಲೆ ಕೆಂಪು ಮತ್ತೂ ಹೆಚ್ಚಾಗುತ್ತದೆ.

ರಾತ್ರಿಯ ಕೆಲಸ ಬೇರೆ. ಇದನ್ನು ಕಲಿಸಿದ್ದು ನಾನು ಆಮೇಲೆ ತೋರಿಸಿದ ಇನ್ನೊಬ್ಬ ಡಾಕ್ಟರ್. ಅವರು ಕಾರ್ನಿಯಾಕ್ಕಿಂತ ಮುಂಚೆ ರೆಪ್ಪೆಯ ಅಂಚು ನೋಡಿದರು. ಅಲ್ಲಿ ಸಾಲಾಗಿ ಎಣ್ಣೆ ಗ್ರಂಥಿಗಳಿವೆ. ಆ ಎಣ್ಣೆ ಮೇಲೆ ಹರಡಿದ್ದರೆ ಮಾತ್ರ ಕಣ್ಣೀರು ಬೇಗ ಆರುವುದಿಲ್ಲ. ನನ್ನವು ಕಟ್ಟಿಕೊಂಡಿದ್ದವು. ಬಿಸಿನೀರಲ್ಲಿ ಅದ್ದಿ ಹಿಂಡಿದ ಚೊಕ್ಕ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಇಡುವುದು, ತಣ್ಣಗಾದರೆ ಮತ್ತೆ ಅದ್ದುವುದು. ಹತ್ತು ನಿಮಿಷ. ಆಮೇಲೆ ರೆಪ್ಪೆಯ ಅಂಚನ್ನು ಹಗುರವಾಗಿ ಒರೆಸುವುದು, ಗುಡ್ಡೆಯನ್ನು ಒತ್ತದೆ. ಹೊಸದಾಗಿ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬಾರದು. ಪದರ ಕೂತುಕೊಳ್ಳಲು ಸಮಯ ಬೇಕು.

ಸ್ಕ್ರೀನ್ ಅನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಳಿಸಿದೆ, ಆಗ ಕಣ್ಣು ತೆರೆದಿರುವ ಜಾಗ ಕಡಿಮೆ. ಎಸಿ ಗಾಳಿ ಮುಖಕ್ಕೆ ಬಡಿಯದ ಕಡೆ ಕುರ್ಚಿ ತಿರುಗಿಸಿದೆ. ಇವೆಲ್ಲ ಸೇರಿ, ನರಗಳೂ ಬೆಳೆದು, ಒಂದು ವರ್ಷದ ಹೊತ್ತಿಗೆ ನನ್ನ ಬೇಸರ ಬಹಳ ಮಟ್ಟಿಗೆ ಕರಗಿತು. ಈಗ ಬೆಳಿಗ್ಗೆ ಒಂದು, ಕೆಲಸದ ನಡುವೆ ಒಂದೆರಡು ಹನಿ ಸಾಕು. ರಜೆಯ ದಿನ ನೆನಪೂ ಆಗುವುದಿಲ್ಲ.

ರಾತ್ರಿ ದೀಪಗಳ ಸುತ್ತ ಉಂಗುರ, ಚಾಚಿಕೊಂಡ ಕಿರಣಗಳು ನನಗೂ ಕಾಣುತ್ತಿದ್ದವು. ತಿಂಗಳುಗಳು ಕಳೆದಂತೆ ಕಡಿಮೆಯಾದವು, ಪೂರ್ತಿ ಹೋಗಿಲ್ಲ. ಗಾಡಿ ಹತ್ತುವ ಮುಂಚೆ ಒಂದು ಹನಿ ಹಾಕಿಕೊಂಡರೆ ಅವು ಅರ್ಧಕ್ಕರ್ಧ ಇಳಿಯುತ್ತವೆ. ಅಲ್ಲೂ ಕಣ್ಣೀರಿನದೇ ಆಟ! ಪ್ರೌಲ್ ಅಧ್ಯಯನದಲ್ಲಿ, ಮೊದಲು ಇಂಥ ಯಾವ ಲಕ್ಷಣವೂ ಇಲ್ಲದವರಲ್ಲಿ ಶೇ. 46ರವರೆಗೆ ಜನರಿಗೆ ಮೂರು ತಿಂಗಳಲ್ಲಿ ಒಂದಾದರೂ ಕಾಣಿಸಿತ್ತು. ದಿನದ ಕೆಲಸಕ್ಕೆ ಬಹಳ ಅಡ್ಡಿಯಾದದ್ದು ಶೇ. 1ಕ್ಕಿಂತ ಕಡಿಮೆ ಜನರಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ: ಜನ ಈ ತೊಂದರೆಗಳನ್ನು ಪ್ರಶ್ನಾವಳಿಯಲ್ಲಿ ಬರೆದದ್ದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಚಾರ್ಟಿನ ಕೊನೆಯ ಸಾಲು ಓದಿದ ಮೇಲೆ ದೂರು ಹೇಳಲು ಸಂಕೋಚ ಆಗುತ್ತದೆ, ಅಲ್ವಾ? ದಯವಿಟ್ಟು ಹೇಳಿ. ಬೆಳಕಿನ ಕೋಣೆಯಲ್ಲಿ ಕಪ್ಪು ಅಕ್ಷರ ಓದುವುದು ಬೇರೆ, ರಾತ್ರಿ ರಸ್ತೆ ಬೇರೆ.

ಯಾರಿಗೆ ಬೇಡ ಅನ್ನುವುದನ್ನೂ ಹೇಳಬೇಕು. ಕಾರ್ನಿಯಾ ಸರಾಸರಿ 540 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಪದರಕ್ಕೆ ಸುಮಾರು 110 ಹೋಗುತ್ತದೆ, ನನ್ನಂಥ ಐದು ನಂಬರ್ ತಿದ್ದಲು ಲೇಸರ್ ಸುಮಾರು 70 ತೆಗೆಯುತ್ತದೆ. ಕೆಳಗೆ ಕನಿಷ್ಠ 250 ಉಳಿಯಲೇಬೇಕು, 300 ಇರಲಿ ಅನ್ನುವವರೇ ಹೆಚ್ಚು. ನಂಬರ್ ದೊಡ್ಡದಾಗಿ ಕಾರ್ನಿಯಾ ತೆಳುವಾಗಿದ್ದರೆ ಲೆಕ್ಕ ಕೂಡುವುದಿಲ್ಲ. ಕಾರ್ನಿಯಾ ಮುಂದಕ್ಕೆ ಉಬ್ಬುವ ಕೆರಟೊಕೋನಸ್ ಸುಳಿವು ಇದ್ದರೂ ಲೇಸಿಕ್ ಬೇಡ. ಬಸುರಿಯರು, ಹಾಲೂಡಿಸುವವರು, ವರ್ಷದಿಂದ ನಂಬರ್ ನಿಲ್ಲದವರು ಕಾಯಬೇಕು. ಮುಖಕ್ಕೆ ಏಟು ಬೀಳುವ ಆಟ ಆಡುವವರಿಗೆ ಪದರ ಬಿಡಿಸದೆ ಮಾಡುವ ಪಿಆರ್‌ಕೆ ಅನ್ನುವ ಲೇಸರ್ ವಿಧಾನ ಒಳ್ಳೆಯದು. ಏಟು ಬಿದ್ದರೆ ವರ್ಷಗಳ ನಂತರವೂ ಲೇಸಿಕ್ ಪದರ ಸರಿಯುವ ಸಾಧ್ಯತೆ ಇದೆ. ಪಿಆರ್‌ಕೆಯಲ್ಲಿ ಮೊದಲ ದಿನಗಳ ನೋವು ಜಾಸ್ತಿ, ನೋಟ ತಿಳಿಯಾಗಲು ವಾರಗಳು ಬೇಕು. ಸ್ಮೈಲ್ ಅನ್ನುವ ವಿಧಾನದಲ್ಲಿ ಸೀಳು ಸಣ್ಣದು, ತುಂಡಾಗುವ ನರ ಕಡಿಮೆ. ಈಗ ಮಾಡಿಸುವುದಾದರೆ ನಾನು ಮೊದಲು ಅದರ ಬಗ್ಗೆ ವಿಚಾರಿಸುತ್ತಿದ್ದೆ.

ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಬರುವುದನ್ನು ಈ ಆಪರೇಷನ್ ತಡೆಯುವುದಿಲ್ಲ. ಮೈನಸ್ ನಂಬರಿನವರು ಕನ್ನಡಕ ತೆಗೆದು ಹತ್ತಿರದ ಅಕ್ಷರ ಓದುತ್ತಾರಲ್ಲ, ಆ ಅನುಕೂಲವೂ ಹೋಗುತ್ತದೆ. ಮಾತ್ರೆ ಪಟ್ಟಿಯ ಸಣ್ಣ ಅಕ್ಷರ ಓದಲು ನಾನು ಈಗಲೇ ಅದನ್ನು ಸ್ವಲ್ಪ ದೂರ ಹಿಡಿಯಬೇಕಾಗುತ್ತಿದೆ. ಮೊದಲೇ ಗೊತ್ತಿತ್ತು, ಬೇಸರವಿಲ್ಲ.

ಮೈನಸ್ ನಂಬರಿನವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದ. ದೂರದ ಕನ್ನಡಕ ಹೋದರೂ ಆ ಉದ್ದನೆಯ ಕಣ್ಣು ಉದ್ದವಾಗಿಯೇ ಇದೆ. ಅಂಥ ಕಣ್ಣಲ್ಲಿ ಹಿಂಬದಿಯ ಪರದೆ, ಅಂದರೆ ರೆಟಿನಾಕ್ಕೆ ತೊಂದರೆ ಆಗುವ ಸಾಧ್ಯತೆ ಹೆಚ್ಚು. ಅದಕ್ಕೇ ಅದರ ತಪಾಸಣೆಗೆ ಈಗಲೂ ಹೋಗುತ್ತೇನೆ. ಹೊಸ ಡಾಕ್ಟರ್ ಯಾರೇ ಆಗಲಿ, ಲೇಸಿಕ್ ಆಗಿದೆ ಅಂತ ಮೊದಲೇ ಹೇಳುತ್ತೇನೆ. ಕಾರ್ನಿಯಾ ತೆಳುವಾದ ಮೇಲೆ ಕಣ್ಣಿನ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ರೋಗ ಇದ್ದರೆ ಕಣ್ತಪ್ಪಬಹುದು. ಆಪರೇಷನ್‌ಗೆ ಮುಂಚಿನ ಅಳತೆಗಳನ್ನು ಕೇಳಿ ಪಡೆಯಿರಿ: ಹಳೆಯ ನಂಬರ್, ಕಾರ್ನಿಯಾದ ವಕ್ರತೆ, ದಪ್ಪ, ಸ್ಕ್ಯಾನ್. ಮುಂದೆ ಪೊರೆ ಬಂದಾಗ ಒಳಗೆ ಕೂರಿಸುವ ಲೆನ್ಸ್‌ನ ಪವರ್ ಲೆಕ್ಕ ಹಾಕುವುದು ಲೇಸರ್ ಆದ ಕಣ್ಣಲ್ಲಿ ಕಷ್ಟ, ಆಗ ಈ ಕಾಗದಗಳು ಬೇಕಾಗುತ್ತವೆ. ಆಸ್ಪತ್ರೆಗಳು ಅಷ್ಟು ವರ್ಷ ಫೈಲ್ ಇಡುತ್ತವೆ ಅಂತ ನಂಬಿ ಕೂರಬೇಡಿ. ನಾನು ಪ್ರತಿ ತೆಗೆಸಿ ಮನೆಯಲ್ಲಿ ಒಂದು, ಮೊಬೈಲಿನಲ್ಲಿ ಒಂದು ಇಟ್ಟಿದ್ದೇನೆ.