ರಂಗಶಂಕರ: ಏಳೂವರೆ ಅಂದರೆ ಏಳೂವರೆಯೇ

ಬೆಂಗಳೂರಿನ ಜೆ.ಪಿ. ನಗರ 2ನೇ ಹಂತದ ರಂಗಮಂದಿರ ರಂಗಶಂಕರಕ್ಕೆ ಮೊದಲ ಸಲ ಹೋಗುವವರು ಎಡವುವುದು ಸಮಯದ ವಿಷಯದಲ್ಲಿ. ಟಿಕೆಟ್ಟಿನಲ್ಲಿ 7:30 ಅಂತಿದ್ದರೆ ನಾಟಕ 7:30ಕ್ಕೇ ಶುರು, ಆಮೇಲೆ ಬಂದವರಿಗೆ ಪ್ರವೇಶ ಇಲ್ಲ. ಸಾರಕ್ಕಿ ಸಿಗ್ನಲ್ಲಿನ ಟ್ರಾಫಿಕ್ ಕಥೆ ಹೇಳಿ ಉಪಯೋಗವಿಲ್ಲ. ಇದು ಜಂಬ ಅಂತ ಬೈದುಕೊಳ್ಳುವವರಿದ್ದಾರೆ. ಆದರೆ ರಂಗದ ಮೇಲೆ ಪೂರ್ತಿ ಕತ್ತಲು ಮಾಡಿ ಒಂದು ದೃಶ್ಯ ತೆರೆಯುವ ಹೊತ್ತಿಗೆ ಬಾಗಿಲ ಸಂದಿಯ ಬೆಳಕು ಬಿದ್ದರೆ, ಕಡಿದಾದ ಮೆಟ್ಟಿಲಲ್ಲಿ ಯಾರೋ ಮೊಬೈಲ್ ಟಾರ್ಚ್ ಹಿಡಿದು ಸೀಟು ಹುಡುಕಿದರೆ, ನಟ ಕಟ್ಟಿದ್ದೆಲ್ಲ ಅಲ್ಲಿಗೇ ಕುಸಿಯುತ್ತದೆ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ಆಫ್ ಮಾಡಿ. ಪರದೆಯ ಬೆಳಕೂ ಅಷ್ಟೇ ಕಿರಿಕಿರಿ.

ಇಲ್ಲಿನ ರಂಗ ಪ್ರೇಕ್ಷಕರ ನಡುವೆ ಮುಂದಕ್ಕೆ ಚಾಚಿಕೊಂಡಿದೆ. ಸೀಟುಗಳು ಅದನ್ನು ಬಳಸಿಕೊಂಡು ಮೇಲೇರುತ್ತವೆ. ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಪಿಸುಮಾತು ಕೂಡ ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಮುಟ್ಟುತ್ತದೆ, ನಟನಿಗೆ ಉಸಿರಿನ ಹಿಡಿತ ಇದ್ದರೆ. ಇಲ್ಲದಿದ್ದರೆ ಅದೂ ಅಷ್ಟೇ ಚೆನ್ನಾಗಿ ಕೇಳಿಸುತ್ತದೆ! ತೊಂದರೆ ಇರುವುದು ಪಕ್ಕದ ಸೀಟುಗಳಲ್ಲಿ. ರವೀಂದ್ರ ಕಲಾಕ್ಷೇತ್ರದಂಥ, ಪ್ರೇಕ್ಷಕರು ಎದುರಿಗೆ ಮಾತ್ರ ಕೂರುವ ಚೌಕಟ್ಟಿನ ರಂಗಕ್ಕೆ ತಾಲೀಮು ಮಾಡಿದ ತಂಡ, ಚಲನೆ ಬದಲಿಸದೆ ಇಲ್ಲಿಗೆ ಬಂದರೆ ಪಕ್ಕದವರಿಗೆ ಅರ್ಧ ನಾಟಕ ನಟರ ಭುಜವೇ ಗತಿ. ಹೊಸ ತಂಡದ ನಾಟಕವಾದರೆ ನಡುವಿನ ಭಾಗ, ಮೂರು ನಾಲ್ಕನೇ ಸಾಲು ಹಿಡಿಯಿರಿ.

ಹೆಸರು ಶಂಕರ್‌ನಾಗ್ ಅವರದು. 1954ರಲ್ಲಿ ಹುಟ್ಟಿ, ಮುಂಬೈನ ಮರಾಠಿ ರಂಗಭೂಮಿಯಲ್ಲಿ ಪಳಗಿ, 1978ರ ‘ಒಂದಾನೊಂದು ಕಾಲದಲ್ಲಿ’ಯಿಂದ ಕನ್ನಡ ತೆರೆಗೆ ಬಂದವರು. ಆಮೇಲೆ ಸಿಕ್ಕಿದ್ದು ಹನ್ನೆರಡೇ ವರ್ಷ. ಅಷ್ಟರಲ್ಲಿ ಹೀರೋ, ನಿರ್ದೇಶಕ, ‘ಮಾಲ್ಗುಡಿ ಡೇಸ್’ ಧಾರಾವಾಹಿ, ಜೊತೆಗೆ ‘ಸಂಕೇತ್’ ತಂಡದ ನಾಟಕಗಳು. ಸಿನಿಮಾದಲ್ಲಿ ಹೆಸರು ಬಂದಮೇಲೂ ನಾಟಕ ಬಿಡಲಿಲ್ಲ ಎನ್ನುವುದೇ ಅವರ ವೃತ್ತಿಜೀವನದ ತೂಕದ ಮಾತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಪತ್ನಿ ಅರುಂಧತಿ ನಾಗ್ ಪಟ್ಟು ಹಿಡಿದು ಕಟ್ಟಿಸಿದ ಈ ರಂಗಮಂದಿರ ತೆರೆದದ್ದು 2004ರಲ್ಲಿ.

ಸೋಮವಾರ ರಜೆ. ವಾರದ ದಿನ ಸಂಜೆ 7:30ರ ಪ್ರದರ್ಶನ, ಶನಿವಾರ ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ 3:30ಕ್ಕೂ ಇರುತ್ತದೆ. ಮಕ್ಕಳನ್ನು ಕರೆದೊಯ್ಯುವ ಮುಂಚೆ ಆ ನಾಟಕದ ವಯಸ್ಸಿನ ಮಿತಿ ನೋಡಿಕೊಳ್ಳಿ. ಸುತ್ತ ಮನೆಗಳಿರುವ ಬೀದಿ, ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹತ್ತು ನಿಮಿಷ ಹೋದೀತು. ಅರ್ಧ ಗಂಟೆ ಮುಂಚೆ ತಲುಪಿದರೆ ಕೆಳಗಿನ ಕೆಫೆಯಲ್ಲಿ ಕಾಫಿಗೂ ಸಮಯ ಸಿಗುತ್ತದೆ. ಆಟೊದಲ್ಲಿ ಬರುವುದೇ ಮೇಲು. ಅದರ ಬೆನ್ನಿಗೆ ಅಂಟಿಸಿದ ಫೋಟೋದಲ್ಲಿ ಶಂಕರ್ ನಾಗ್ ಸಿನಿಮಾದ ‘ಆಟೋ ರಾಜ’ನೇ ಇದ್ದರೂ ಇರಬಹುದು.